ಬಿಸಿಲೆಣ್ಣೆ

ನಮ್ಮೂರಿನಲ್ಲಿ ಹನ್ನೊಂದು ಬೀದಿಗಳು. ಬಿಸಿಲು ದಿನಕ್ಕೊಂದು ಬೀದಿಗೆ ಬರುತ್ತದೆ. ಇವತ್ತು ಕಂಚುಗಾರರ ಬೀದಿಯಾದರೆ ನಾಳೆ ಹೂವಿನ ಬೀದಿ, ನಾಡಿದ್ದು ಬಾವಿ ಬೀದಿ. ಹೀಗೆ ಎಲ್ಲ ಬೀದಿ ಸುತ್ತಿಕೊಂಡು ಹನ್ನೆರಡನೆಯ ದಿನ ಮತ್ತೆ ಕಂಚುಗಾರರ ಬೀದಿಗೆ. ಉಳಿದ ಹತ್ತು ಬೀದಿಗಳಲ್ಲಿ ಆ ದಿನ ಬೆಳಕಿರುತ್ತದೆ, ಬಿಸಿಲಿರುವುದಿಲ್ಲ. ಮೋಡ ಕವಿದಂಥ, ಮನುಷ್ಯನ ನೆರಳು ನೆಲಕ್ಕೆ ಬೀಳದಂಥ ಬೆಳಕು. ಹುಟ್ಟಿದಾಗಿನಿಂದ ನೋಡಿಕೊಂಡು ಬಂದದ್ದರಿಂದ ನಮಗ್ಯಾರಿಗೂ ಅದೊಂದು ವಿಶೇಷ ಅನ್ನಿಸಿದ್ದಿಲ್ಲ.

ಮದುವೆ ಮಾತುಕತೆಗೆ ಕೂತರೆ ನಮ್ಮಲ್ಲಿ ಮೊದಲು ಕೇಳುವುದು, "ನಿಮ್ಮ ಬೀದಿ ಸರದಿ ಯಾವತ್ತು?" ಎಂದು. ತವರಿನ ಸರದಿಗೂ ಗಂಡನ ಮನೆಯ ಸರದಿಗೂ ನಡುವೆ ಐದಾರು ದಿನದ ಅಂತರವಿದ್ದರೆ ಒಳ್ಳೆಯ ಸಂಬಂಧ. ಒಗೆದ ಕಂಬಳಿಯನ್ನೋ ಸಂಡಿಗೆ ಹಿಟ್ಟನ್ನೋ ಎತ್ತಿಕೊಂಡು ಹೆಣ್ಣುಮಗಳು ನಡುವೆ ಒಂದು ಸಲ ತವರಿಗೆ ಹೋಗಿ ಬರಬಹುದು. ಸರದಿಯ ದಿನ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಸಿಗೆ, ಮೆಣಸಿನಕಾಯಿ, ಹಪ್ಪಳದ ಚಾಪೆ, ಹುಳು ಹಿಡಿದ ಬೇಳೆ, ಬಾಣಂತಿಯ ಬಟ್ಟೆ. ಮಕ್ಕಳಿಗೆ ಮಾತ್ರ ಆ ದಿನ ಮನೆಯೊಳಗೇ ಇರಬೇಕೆಂದು ತಾಕೀತು. ಹಪ್ಪಳ ತುಳಿದರೆ ಬೆನ್ನಿಗೆ ಏಟು ಬೀಳುತ್ತಿತ್ತು. ಶಾಲೆಯಿದ್ದ ಬಳೆಗಾರರ ಬೀದಿಯ ಸರದಿ ಬಂದರೆ ಶಾಲೆಗೇ ರಜೆ. ಆಟದ ಬಯಲನ್ನು ಒಣಹಾಕುವವರಿಗೆ ಬಿಟ್ಟುಕೊಡುತ್ತಿದ್ದರು.

ನಾನು ಚಿಕ್ಕತಾಯಿ. ಕೆಳಗಿನ ಆರು ಬೀದಿಗಳ ಮಕ್ಕಳು ಓದುವ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಮಧ್ಯಾಹ್ನದ ಅಡುಗೆ ಮಾಡಿದವಳು. ಮೇಲಿನ ಐದು ಬೀದಿಗಳಿಗೆ ಬೇರೆ ಶಾಲೆ, ಅಲ್ಲಿ ಬೇರೆ ಅಡುಗೆಯವರು. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ನನಗೆ ಅಂತ ಇದ್ದದ್ದು ಕೈರುಚಿಯೊಂದೇ. ನನ್ನ ಹುಳಿ ಉಂಡ ಮಗು ತಟ್ಟೆಯಲ್ಲಿ ಒಂದು ಅಗುಳೂ ಬಿಡುತ್ತಿರಲಿಲ್ಲ. ಶಾಲೆಗೆ ಎಣ್ಣೆ ಬರುತ್ತಿದ್ದದ್ದು ನಮ್ಮಣ್ಣ ಈರಣ್ಣನ ಗಾಣದಿಂದ. ಒಗ್ಗರಣೆ ಹಾಕಿದರೆ ಮೂರು ಮನೆಯಾಚೆಗೆ ಘಮ ಹೋಗುತ್ತಿತ್ತು.

ನಮ್ಮೂರಿನ ಮಕ್ಕಳಲ್ಲಿ ಕೆಲವಕ್ಕೆ ಕಾಲು ಬಿಲ್ಲಿನ ಹಾಗೆ ಬಾಗುತ್ತಿತ್ತು. ಹಲ್ಲು ತಡವಾಗಿ ಬರುತ್ತಿತ್ತು. ಸಣ್ಣದಾಗಿ ಬಿದ್ದರೂ ಕೈಮೂಳೆ ಮುರಿಯುತ್ತಿತ್ತು. ಅದನ್ನೂ ಯಾರೂ ರೋಗ ಅಂದುಕೊಂಡಿರಲಿಲ್ಲ. "ಇವನು ಅವರಜ್ಜನ ಕಾಲು ಹೊತ್ತುಕೊಂಡು ಬಂದವ್ನೆ" ಎಂದು ನಗುತ್ತಿದ್ದರು. ನಮ್ಮ ಪಕ್ಕದ ಮನೆಯ ಹನುಮಕ್ಕನ ಮಗಳು ನೀಲಾಂಬಿಕೆಗೂ ಹಾಗೆಯೇ. ಎಲ್ಲರೂ ನೀಲು ಎನ್ನುತ್ತಿದ್ದರು. ಆಗ ಅವಳಿಗೆ ಏಳು ವರ್ಷ. ಎರಡು ಮಂಡಿಗಳ ನಡುವೆ ನನ್ನ ಮುಷ್ಟಿ ಹಿಡಿಸುವಷ್ಟು ಸಂದು. ಸಂಜೆಯಾದರೆ ಕಾಲು ನೋವು ಎಂದು ಅಳುತ್ತಿದ್ದಳು. ಹನುಮಕ್ಕ ಹಪ್ಪಳ ಲಟ್ಟಿಸುತ್ತಲೇ ಒಂದು ಕೈಯಲ್ಲಿ ಮಗಳ ಕಾಲು ಒತ್ತುತ್ತಿದ್ದಳು.

ಆ ವರ್ಷ ಜೂನ್ ತಿಂಗಳಲ್ಲಿ ವಾರಿಜಾ ಮೇಡಂ ಬಂದರು. ಆರೋಗ್ಯ ಇಲಾಖೆಯವರು, ಮೂವತ್ತರ ಒಳಗಿನ ವಯಸ್ಸು, ಎಲ್ಲಿಗೆ ಹೋದರೂ ನಡೆದೇ ಹೋಗುವವರು. ಎರಡೂ ಶಾಲೆಯ ಮಕ್ಕಳ ತೋಳಿನಿಂದ ರಕ್ತ ತೆಗೆದು ಪಟ್ಟಣಕ್ಕೆ ಕಳಿಸಿದರು. ತಿಂಗಳಾದ ಮೇಲೆ ತಾಯಂದಿರನ್ನೆಲ್ಲ ಶಾಲೆಗೆ ಕರೆಸಿದರು.

"ಮಕ್ಕಳ ಮೈಯಲ್ಲಿ ವಿಟಮಿನ್ ಡಿ ತುಂಬಾ ಕಡಿಮೆ ಇದೆ. ಅದಿಲ್ಲದೆ ಮೂಳೆ ಗಟ್ಟಿಯಾಗಲ್ಲ. ಬಿಸಿಲು ಮೈಗೆ ಬಿದ್ದರೆ ಮೈಯೇ ಅದನ್ನ ಮಾಡ್ಕೊಳ್ಳುತ್ತೆ. ನಿಮ್ಮ ಸರದಿ ದಿನ ಮಕ್ಕಳನ್ನ ಯಾಕೆ ಹೊರಗೆ ಬಿಡಲ್ಲ?" ಎಂದು ಕೇಳಿದರು.

ಹನುಮಕ್ಕ ಎದ್ದು ನಿಂತಳು. "ಹಪ್ಪಳ ಎಲ್ಲಿ ಒಣಗ್ಸೋದು ಮೇಡಮ್ಮೋರೆ? ಹನ್ನೊಂದು ದಿನಕ್ಕೆ ಒಂದು ದಿನ ಬರ್ತದೆ. ಅದರಲ್ಲಿ ನಮ್ಮ ಹೊಟ್ಟೆಪಾಡು ಆಗ್ಬೇಕು. ಬೇರೆ ಬೀದಿ ಸರದಿಗೆ ಮಕ್ಕಳನ್ನ ಕಳಿಸಿದ್ರೆ ಅಲ್ಲೂ ಹಪ್ಪಳ ತುಳೀತವೆ ಅಂತ ಓಡಿಸ್ತಾರೆ."

ಮೇಡಂ ಸಿಟ್ಟಾಗಲಿಲ್ಲ. "ಸರಿ ಹನುಮಕ್ಕ, ಒಂದು ದಿನದ ಬಿಸಿಲು ಸಾಕಾಗೋದೂ ಇಲ್ಲ. ಅದಕ್ಕೇ ಊಟದಲ್ಲೇ ಕೊಡೋಣ ಅಂತ. ಅಡುಗೆ ಎಣ್ಣೆಗೇ ಅದನ್ನ ಸೇರಿಸಿ ಕಳಿಸ್ತಾರೆ. ಮಕ್ಕಳು ದಿನಾ ಊಟ ಮಾಡಿದರೆ ಸಾಕು, ಬೇರೆ ಏನೂ ಮಾಡಬೇಕಾಗಿಲ್ಲ. ಒಂದು ವರ್ಷ ನೋಡೋಣ. ಎರಡೂ ಶಾಲೇಲಿ ಫಲ ಕಂಡರೆ ಊರಿನ ಪಡಿತರ ಅಂಗಡಿಗೂ ತರಿಸ್ತೀನಿ."

ಹೊರಡುವಾಗ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದರು. "ಚಿಕ್ಕತಾಯಮ್ಮ, ಇದೆಲ್ಲ ನಿಮ್ಮ ಕೈಲಿದೆ."

ಮೊದಲ ಡಬ್ಬ ಬಂದಾಗ ಮುಚ್ಚಳ ತೆಗೆದು ಮೂಸಿದೆ. ಏನೋ ಒಂದು ವಾಸನೆ ಹೊಡೆದ ಹಾಗಾಯಿತು. ಈಗ ಯೋಚಿಸಿದರೆ ಆ ಎಣ್ಣೆಗೆ ಯಾವ ವಾಸನೆಯೂ ಇರಲಿಲ್ಲ. ಅಣ್ಣನ ಗಾಣದ ಘಮ ಇರಲಿಲ್ಲ, ಅಷ್ಟೇ. ಇನ್ನು ಮೇಲೆ ನಮ್ಮ ಎಣ್ಣೆ ಬೇಡವಂತೆ ಎಂದು ಅಣ್ಣ ಹಿಂದಿನ ದಿನ ಮುಖ ಸಣ್ಣದು ಮಾಡಿಕೊಂಡಿದ್ದ. ಅದೂ ಮನಸ್ಸಿನಲ್ಲಿತ್ತು. ಬಡಿಸುವಾಗ ಮಾತ್ರ ಸಹಾಯಕ್ಕೆ ಬರುತ್ತಿದ್ದ ಕಮಲಿಗೆ, "ಔಷಧಿ ಬೆರೆಸಿದ ಎಣ್ಣೆಯಂತೆ ಕಣೆ. ಇದರಲ್ಲಿ ಏನು ರುಚಿ ಬಂದೀತು?" ಎಂದೆ. ಮೆಲ್ಲಗೇ ಹೇಳಿದ್ದು. ಸಾಲಿನಲ್ಲಿ ಮುಂದಿದ್ದ ಮಕ್ಕಳ ಕಿವಿಗೆ ಬಿತ್ತು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅದು "ಔಷಧಿ ಸಾರು" ಆಗಿತ್ತು.

ಆ ದಿನ ಅರ್ಧಕ್ಕರ್ಧ ತಟ್ಟೆಗಳು ಅನ್ನ ಸಮೇತ ವಾಪಸ್ ಬಂದವು. ಒಬ್ಬ ಹುಡುಗ ವಾಂತಿ ಮಾಡಿಕೊಂಡ. ಬೆಳಗಿನಿಂದಲೇ ಅವನಿಗೆ ಜ್ವರವಿತ್ತೆಂದು ಆಮೇಲೆ ತಿಳಿಯಿತು. ಎರಡನೆಯ ದಿನವೂ ಹಾಗೇ, ಮೂರನೆಯ ದಿನವೂ ಹಾಗೇ. ಹಂದಿಗಳ ಬಾನಿಗೆ ಅನ್ನ ಸುರಿಯುವಾಗ ನನಗೆ ಅಳು ಬಂತು. ನಾಲ್ಕನೆಯ ದಿನ ಅಣ್ಣನ ಮನೆಗೆ ಹೋಗಿ ಒಂದು ಕೊಡ ಎಣ್ಣೆ ಕೇಳಿದೆ. ಅವನು ಯಾಕೆ ಎತ್ತ ಎಂದು ಕೇಳದೆ ತುಂಬಿಕೊಟ್ಟ. ಆ ಮಧ್ಯಾಹ್ನ ಮಕ್ಕಳು ಎರಡೆರಡು ಸಲ ಬಡಿಸಿಕೊಂಡು ಉಂಡವು. ನನಗೆ ಜೀವ ಬಂದ ಹಾಗಾಯಿತು.

ಹೊಸ ಎಣ್ಣೆಯನ್ನು ಏನು ಮಾಡುವುದು? ಮೇಡಂ ವಾರಕ್ಕೊಮ್ಮೆ ಬಂದು ಖಾಲಿ ಡಬ್ಬ ನೋಡುತ್ತಿದ್ದರು. ಕಮಲಿ ಮನೆಗೆ ಹೋದ ಮೇಲೆ ಹಿಂದಿನ ಬಚ್ಚಲ ಗುಂಡಿಗೆ ಸುರಿದೆ. ಅದು ಸದ್ದಿಲ್ಲದೆ ಇಳಿದು ಹೋಯಿತು. ಮುಂದಿನ ಡಬ್ಬದಿಂದ ಸ್ವಲ್ಪ ಸ್ವಲ್ಪವೇ ಬೆರೆಸಿ ಅಭ್ಯಾಸ ಮಾಡಿಸೋಣ ಅಂದುಕೊಂಡೆ. ಮುಂದಿನ ಡಬ್ಬ ಬಂದಾಗ ಅದರ ಮುಂದಿನದಕ್ಕೆ ಅಂದುಕೊಂಡೆ. ವರ್ಷವೆಲ್ಲ ಹೀಗೆ ಅಂದುಕೊಂಡೇ, ಅಣ್ಣನಿಂದ ಕೊಡ ತುಂಬಿಸಿಕೊಂಡೇ ಕಳೆದೆ. ಮಕ್ಕಳಿಗೆ ಅನ್ನ ಸೇರುತ್ತಿದೆಯಲ್ಲ, ಉಂಡ ಅನ್ನಕ್ಕಿಂತ ದೊಡ್ಡ ಔಷಧಿ ಯಾವುದಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಮೇಲಿನ ಶಾಲೆಯಲ್ಲಿ ಮಕ್ಕಳು ಅದಕ್ಕೆ ಬಿಸಿಲೆಣ್ಣೆ ಎಂದು ಹೆಸರಿಟ್ಟಿದ್ದರು. ಅಲ್ಲಿನ ಅಡುಗೆಯವನು, "ಇವತ್ತು ಬಿಸಿಲು ಜಾಸ್ತಿ ಹಾಕಿದೀನಿ ಕಣ್ರೋ, ಬೆವರು ಬರುತ್ತೆ ನೋಡಿ" ಎಂದು ಬಡಿಸುತ್ತಿದ್ದನಂತೆ. ಮಕ್ಕಳು ನಕ್ಕು ಉಣ್ಣುತ್ತಿದ್ದವಂತೆ. ಅಷ್ಟು ಸಣ್ಣ ಮಾತು. ಅದು ನನಗೆ ಹೊಳೆಯಲಿಲ್ಲ. ನನ್ನ ಬಾಯಿಂದ ಬಂದದ್ದು ಬೇರೆ ಮಾತು.

ಒಂದು ದಿನ ಮೇಡಂ ನಮ್ಮಲ್ಲೇ ಊಟಕ್ಕೆ ಕೂತರು. ಬೆರಳು ನೆಕ್ಕುತ್ತಾ, "ಚಿಕ್ಕತಾಯಮ್ಮ, ನೀವು ಮಾಡಿದರೆ ಇದು ಬೇರೆ ಎಣ್ಣೆ ಅಂತಲೇ ಗೊತ್ತಾಗಲ್ಲ ನೋಡಿ" ಎಂದರು. ನಾನು ಇನ್ನೊಂದು ಸೌಟು ಹುಳಿ ಬಡಿಸಿದೆ. ಮುಖ ಎತ್ತಲಿಲ್ಲ.

ನೀಲು ಎರಡನೆಯ ತರಗತಿ ಮುಗಿಸುವ ಹೊತ್ತಿಗೆ ನಡಿಗೆಯೇ ಬದಲಾಗಿತ್ತು. ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುತ್ತಾ ಬರುತ್ತಿದ್ದಳು. ಮಕ್ಕಳು ಅವಳ ಹಿಂದೆ ಹಾಗೇ ವಾಲಿ ನಡೆದು ಅಣಕಿಸುತ್ತಿದ್ದವು. ಮೊದಮೊದಲು ಅತ್ತಳು. ಆಮೇಲೆ ಆಟಕ್ಕೆ ಬಿಟ್ಟಾಗ ಗೋಡೆಗೆ ಒರಗಿ ಕೂತು ಪುಸ್ತಕ ತೆಗೆಯಲು ಶುರು ಮಾಡಿದಳು. "ಓದೋದ್ರಲ್ಲಿ ಬಲು ಆಸೆ ಇದಕ್ಕೆ" ಎಂದು ಹನುಮಕ್ಕ ಹೆಮ್ಮೆಪಡುತ್ತಿದ್ದಳು. ನಾನೂ ಹೂಂ ಎನ್ನುತ್ತಿದ್ದೆ.

ಮರುವರ್ಷ ಮತ್ತೆ ರಕ್ತ ತೆಗೆದರು. ಫಲಿತಾಂಶ ಬಂದ ದಿನ ಎರಡೂ ಶಾಲೆಯವರನ್ನು ಸೇರಿಸಿ ಸಭೆ ಮಾಡಿದರು. ಮೇಲಿನ ಶಾಲೆಯ ಮಕ್ಕಳಲ್ಲಿ ವಿಟಮಿನ್ ಚೆನ್ನಾಗಿ ಏರಿತ್ತು. ಅಲ್ಲಿ ನೀಲುವಿನ ವಯಸ್ಸಿನವಳೇ ಸುನಂದಾ ಎಂಬ ಹುಡುಗಿ, ಹೋದ ವರ್ಷ ಹೀಗೇ ಕಾಲು ಬಾಗಿದ್ದವಳು. ಅವಳ ಮೂಳೆ ನೆಟ್ಟಗಾಗುತ್ತಾ ಬಂದಿತ್ತು. ಅವಳಪ್ಪ ಮಗಳನ್ನು ಎಲ್ಲರೆದುರು ನಡೆಸಿ ತೋರಿಸಿದ. ನಮ್ಮ ಶಾಲೆಯದು ಇದ್ದಲ್ಲೇ ಇತ್ತು. ಕೆಲವರದು ಇಳಿದೂ ಇತ್ತು.

ಶಾಲೆಗಳ ಸಮಿತಿಯ ಅಧ್ಯಕ್ಷ ಚನ್ನವೀರಪ್ಪ ಗಂಟಲು ಸರಿ ಮಾಡಿಕೊಂಡರು. "ಅಡುಗೆಯವರು ಸರಿಯಾಗಿ ಹಾಕ್ತಿದ್ರೋ ಇಲ್ಲವೋ, ಅದನ್ನ ಮೊದಲು ವಿಚಾರಿಸ್ಬೇಕಲ್ಲ ಮೇಡಂ?"

ಮೇಡಂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಅದನ್ನ ವಿಚಾರಿಸೋದೇ ಬೇಡ. ನಾನೇ ಅಲ್ಲಿ ಊಟ ಮಾಡಿದೀನಿ. ಚಿಕ್ಕತಾಯಮ್ಮನ ಕೈ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ" ಎಂದರು.

ಏಳಬೇಕಿತ್ತು. ಎದ್ದು ಒಂದು ಮಾತು ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಕೆಲಸ ಹೋಗುತ್ತಿತ್ತು, ಜನ ಉಗಿಯುತ್ತಿದ್ದರು, ಅಷ್ಟೇ ತಾನೇ? ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತೆ.

ಆಗ ಹಿಂದಿನ ಸಾಲಿನಿಂದ ಯಾರೋ, ಮೇಲಿನ ಬೀದಿಯವರೇ ಇರಬೇಕು, "ಅವರ ಮೈಗೆ ಹತ್ತಲ್ಲ ಬಿಡಿ. ಮೈಗುಣಾನೇ ಬೇರೆ" ಎಂದರು. ಯಾರೂ ಅಲ್ಲವೆನ್ನಲಿಲ್ಲ. ಬಿಸಿಲಿನ ಸರದಿ ಎಲ್ಲರಿಗೂ ಒಂದೇ, ಎಣ್ಣೆಯೂ ಒಂದೇ, ಹಾಗಾದರೆ ಬೇರೆಯಾಗಿರುವುದು ಮೈ ತಾನೇ? ಕೆಳಗಿನ ಶಾಲೆಗೆ ಎಣ್ಣೆ ಕಳಿಸುವುದು ನಿಂತಿತು. ಮೇಲಿನ ಶಾಲೆಗೆ ಮುಂದುವರಿಯಿತು. ಪಡಿತರ ಅಂಗಡಿಗೆ ತರಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮೇಡಂಗೆ ಬೇರೆ ಕಡೆಗೆ ವರ್ಗವಾಯಿತು. ಹೊರಡುವ ದಿನ ಕೋಡುಬಳೆ ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ಅವರು ಕಿಟಕಿ ಪಕ್ಕ ಕೂತಿದ್ದರು. ಇಳಿದು ಬಂದು ಪೊಟ್ಟಣ ತೆಗೆದುಕೊಂಡರು. ಕಣ್ಣ ಕೆಳಗೆ ಕಪ್ಪಾಗಿತ್ತು.

"ನಾನೇ ಎಲ್ಲೋ ತಪ್ಪಿದೀನಿ ಚಿಕ್ಕತಾಯಮ್ಮ. ಎಲ್ಲಿ ಅಂತ ಗೊತ್ತಾಗ್ತಿಲ್ಲ. ಆ ಮಕ್ಕಳ ಮುಖ ನೋಡೋಕೇ ಆಗ್ತಿಲ್ಲ ನನಗೆ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನಿಜವೆಂದರೆ ಬಸ್ಸು ಇನ್ನೂ ಹತ್ತು ನಿಮಿಷ ನಿಂತಿತ್ತು. ಆ ಹತ್ತು ನಿಮಿಷ ನಾವು ದಾರಿಯ ಬಗ್ಗೆ, ಹೊಸ ಊರಿನ ನೀರಿನ ಬಗ್ಗೆ ಮಾತಾಡಿದೆವು.

ಆಮೇಲೆ ವರ್ಷಗಳು ಉರುಳಿದವು. "ಮೈಗುಣ" ಎಂಬ ಮಾತು ಸಭೆಯಲ್ಲೇ ಉಳಿಯಲಿಲ್ಲ. ಮೇಲಿನ ಬೀದಿಯವರು ನಮ್ಮ ಕಡೆಯಿಂದ ಹೆಣ್ಣು ತರುವುದನ್ನು ಕಡಿಮೆ ಮಾಡಿದರು, ಆಮೇಲೆ ಬಿಟ್ಟೇಬಿಟ್ಟರು. ಕೊಡುವುದನ್ನೂ ಬಿಟ್ಟರು. "ಮೂಳೆ ಇಲ್ಲದ ಬೀದಿಗಳು" ಎಂದು ಅವರ ಮಕ್ಕಳು ಜಗಳದಲ್ಲಿ ಬೈಯುವುದನ್ನು ನಾನೇ ಕೇಳಿದ್ದೇನೆ. ನೀಲು ಪಟ್ಟಣದಲ್ಲಿ ಓದಿ ಟೀಚರ್ ಆದಳು. ಅವಳ ಜೊತೆ ಓದಿದ, ಮೇಲಿನ ಕಡೆಯ ಬಾವಿ ಬೀದಿಯ ಹುಡುಗನೊಬ್ಬ ಅವಳನ್ನೇ ಮದುವೆಯಾಗುತ್ತೇನೆಂದು ಮನೆಯಲ್ಲಿ ಹಟ ಹಿಡಿದಿದ್ದ. ಅವನಮ್ಮ ಬಂದು, ನೀಲು ಕಾಫಿ ಲೋಟ ಹಿಡಿದು ಒಳಗಿನಿಂದ ನಡೆದು ಬರುವುದನ್ನು ನೋಡಿ, ಲೋಟ ಮುಟ್ಟದೆ ಎದ್ದು ಹೋದಳು. ಆ ದಿನ ಹನುಮಕ್ಕ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. "ಹಣೆಬರಹ ಕಣಕ್ಕ" ಎಂದಳು. ನಾನು ಅವಳ ಬೆನ್ನು ಸವರಿದೆ. ಆ ಕೈ ನನಗೇ ಭಾರವಾಗಿತ್ತು.

ಕೆಲಸ ಬಿಟ್ಟು ನಾನು ಮನೆಯಲ್ಲಿ ಕೂತ ಮೇಲೆ, ನೀಲು ಕೆಳಗಿನ ಶಾಲೆಗೇ ಟೀಚರ್ ಆಗಿ ಬಂದಳು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಜಗಲಿ ಹತ್ತಿ ಬಂದಳು. ಐದೇ ಮೆಟ್ಟಿಲು, ಹತ್ತಿದ ಮೇಲೆ ಸುಧಾರಿಸಿಕೊಳ್ಳಲು ಕಂಬ ಹಿಡಿದು ನಿಲ್ಲಬೇಕು ಅವಳು. ಕೈಯಲ್ಲಿ ಹಾಳೆ, ಪೆನ್ನು ಇತ್ತು.

"ದೊಡ್ಡಮ್ಮ, ಒಂದು ವಿಷಯ ಕೇಳ್ಬೇಕಿತ್ತು" ಎನ್ನುತ್ತಾ ಪಕ್ಕದಲ್ಲಿ ಕೂತಳು. "ಆಗ ಬಿಸಿಲೆಣ್ಣೆ ಬರ್ತಿತ್ತಲ್ಲ, ಅದನ್ನ ಹೆಂಗೆ ಹಾಕ್ತಿದ್ರಿ? ಒಗ್ಗರಣೆಗೆ ಮಾತ್ರಾನಾ, ಬೇಯೋವಾಗಲೂ ಹಾಕ್ತಿದ್ರಾ?"

"ಈಗ ಯಾಕೆ ಮಗಾ ಅದೆಲ್ಲ?"

"ಮತ್ತೆ ತರಿಸ್ಬೇಕು ಅಂತ ಅರ್ಜಿ ಬರೀತಿದೀನಿ. ನನ್ನ ಕ್ಲಾಸಲ್ಲಿ ಮೂರು ಮಕ್ಕಳಿಗೆ ಆಗಲೇ ಕಾಲು ಬಾಗ್ತಿದೆ. ಆರೋಗ್ಯ ಇಲಾಖೆ ಆಫೀಸಿನವರು, ನಿಮ್ಮ ಶಾಲೇಲಿ ಒಂದ್ಸಲ ಕೊಟ್ಟು ನೋಡಾಯ್ತು, ಪ್ರಯೋಜನ ಆಗ್ಲಿಲ್ಲ ಅಂತಾರೆ. ಎಲ್ಲಿ ತಪ್ಪಾಯ್ತು ಅಂತ ಗೊತ್ತಾದ್ರೆ ಅದನ್ನೂ ಬರೀಬಹುದು. ನಿಮ್ಮಷ್ಟು ಚೆನ್ನಾಗಿ ಯಾರಿಗೆ ಗೊತ್ತಿರತ್ತೆ?"

ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದಳು. ನಾನು ಹೇಳುವುದನ್ನು ಬರೆದುಕೊಳ್ಳಲು. ಒಂದು ಸುಳ್ಳು ಬಾಯಿಯವರೆಗೆ ಬಂದಿತ್ತು: ಒಗ್ಗರಣೆಗೆ ಮಾತ್ರ ಹಾಕುತ್ತಿದ್ದೆ ಎಂದು. ಅವಳು ಅದನ್ನೇ ಬರೆದುಕೊಂಡು, ಅದನ್ನೇ ನಂಬಿ, ಮತ್ತೆ ಆ ಆಫೀಸಿನ ಮೆಟ್ಟಿಲು ಹತ್ತಲು ಹೋಗುತ್ತಿದ್ದಳು.

"ಹಾಕೇ ಇಲ್ಲ" ಎಂದೆ.

"ಅಂದ್ರೆ?"

"ಒಂದು ತೊಟ್ಟೂ ಹಾಕ್ಲಿಲ್ಲ ಕಣೆ. ಮೊದಲ ಮೂರು ದಿನ ಹಾಕಿದ್ದು. ಆಮೇಲೆ ನಮ್ಮಣ್ಣನ ಎಣ್ಣೆ. ಅದನ್ನ ಬಚ್ಚಲ ಗುಂಡಿಗೆ ಸುರಿದೆ. ವರ್ಷವೆಲ್ಲ ಸುರಿದೆ."

ಬೀದಿಯಲ್ಲಿ ಯಾರದೋ ಮನೆಯ ಮಗು ಅಳುವುದು ಕೇಳುತ್ತಿತ್ತು. ನಾನು ಕಾರಣಗಳನ್ನೆಲ್ಲ ಹೇಳತೊಡಗಿದೆ. ಮಕ್ಕಳು ಅನ್ನ ಬಿಟ್ಟದ್ದು, ಅಣ್ಣನ ಸಣ್ಣ ಮುಖ, ನನ್ನ ಅಳು. ಹೇಳುತ್ತಾ ಹೇಳುತ್ತಾ ಅವು ಎಷ್ಟು ಸಣ್ಣವೆಂದು ನನಗೇ ಕೇಳಿಸಿ ಸುಮ್ಮನಾದೆ.

"ಮೇಲಿನ ಶಾಲೆ ಸುನಂದಾ ನನ್ನ ಜೊತೇನೇ ಕಾಲೇಜಿಗೆ ಬರ್ತಿದ್ಲು" ಎಂದಳು ನೀಲು. "ಬಸ್ಸು ತಪ್ಪೋ ಹಂಗಾದ್ರೆ ಓಡಿ ಹೋಗಿ ಹಿಡ್ಕೊತಿದ್ಲು. ನನಗೋಸ್ಕರ ಡ್ರೈವರಿಗೆ ಹೇಳಿ ಬಸ್ಸು ನಿಲ್ಲಿಸ್ತಿದ್ಲು." ತನ್ನ ಕಾಲು ನೋಡಿಕೊಂಡು ಕೇಳಿದಳು. "ಹಂಗಾದ್ರೆ ನಾನೂ ಓಡಬಹುದಿತ್ತಾ, ದೊಡ್ಡಮ್ಮ?"

ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಲು ಮಗು ಕೇಳುವ ಹಾಗೆ ಕೇಳಿದಳು.

"ಓಡಬಹುದಿತ್ತು" ಎಂದೆ.

ಅವಳು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ನಾನು ಹೇಳಿದ್ದನ್ನೇ, ನನ್ನ ಹೆಸರಿನಲ್ಲೇ, ಹೆಚ್ಚು ಕಡಿಮೆ ಮಾಡದೆ ಬರೆದಳು. ನಡುವೆ ಎರಡು ಸಲ ಪೆನ್ನು ನಿಂತಿತು. ಬರೆದು ಮುಗಿಸಿ ಓದಿ ಹೇಳಿದಳು. ನಾನು ಸಹಿ ಮಾಡಿದೆ. ಎದ್ದು ಹೋಗುವಾಗ ಹಿಂತಿರುಗಿ ನೋಡಲಿಲ್ಲ.

ಆ ಕಾಗದವನ್ನು ಊರ ಸಭೆಯಲ್ಲಿ ಓದಿದರು. ನಾನೂ ಹೋಗಿದ್ದೆ. ನಿಂತು, ಬರೆದದ್ದೆಲ್ಲ ನಿಜ ಎಂದೆ. ಮೇಲಿನ ಬೀದಿಯವರು ತಲೆ ತಗ್ಗಿಸಿದರು, ಕೆಳಗಿನವರು ತಲೆ ಎತ್ತಿ ನನ್ನನ್ನೇ ನೋಡಿದರು. ಹೊರಗೆ ಬರುವಾಗ ಹನುಮಕ್ಕ ಬಾಗಿಲಲ್ಲಿ ನಿಂತಿದ್ದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ಆವತ್ತು ನಿನ್ನ ಹೆಗಲ ಮೇಲೇ ಅತ್ತೆನಲ್ಲಕ್ಕ" ಎಂದಳು. ಅದೇ ಅವಳು ನನ್ನ ಜೊತೆ ಆಡಿದ ಕೊನೆಯ ಮಾತು. ನಮ್ಮ ಎರಡು ಮನೆಗಳಿಗೂ ಒಂದೇ ಗೋಡೆ. ಅವಳು ಹಪ್ಪಳ ಲಟ್ಟಿಸುವ ಸದ್ದು ಈಗಲೂ ದಿನವೂ ಕೇಳುತ್ತದೆ.

ಮುಂದಿನ ಜೂನ್‌ನಲ್ಲಿ ಕೆಳಗಿನ ಶಾಲೆಗೆ ಎಣ್ಣೆ ಬಂತು. ನೀಲು ದಿನವೂ ಒಲೆಯ ಹತ್ತಿರ ನಿಂತು, ಅಳೆದು ಹಾಕಿಸಿ, ಮಕ್ಕಳ ಜೊತೆ ಕೂತು ಅದನ್ನೇ ಉಣ್ಣುತ್ತಿದ್ದಳಂತೆ. ವರ್ಷವಾದ ಮೇಲೆ ರಕ್ತ ಪರೀಕ್ಷೆಯಾಯಿತು. ಫಲಿತಾಂಶ ಬಂದ ಮಧ್ಯಾಹ್ನ ಅವಳೇ ನಮ್ಮ ಮನೆಗೆ ಬಂದಳು. ಕೂರಲಿಲ್ಲ. ಕಂಬ ಹಿಡಿದು ನಿಂತೇ ಹೇಳಿದಳು.

"ಏರಿದೆ. ಎಲ್ಲ ಮಕ್ಕಳದೂ ಏರಿದೆ. ಆ ಮೂವರಲ್ಲಿ ಇಬ್ಬರ ಕಾಲು ಸರಿ ಹೋಗುತ್ತೆ ಅಂದ್ರು ಡಾಕ್ಟ್ರು."

"ಇನ್ನೊಬ್ಬರದು?"

"ಅವನು ದೊಡ್ಡವನು. ತಡ ಆಯ್ತು."

ಆಮೇಲೆ ನಾನು ಕೇಳಿದೆ, "ವಾರಿಜಾ ಮೇಡಮ್ಮೋರಿಗೆ ಒಂದು ಕಾಗದ ಹಾಕಿಸ್ತೀಯಾ? ತಪ್ಪು ಅವರದಲ್ಲ ಅಂತ."

"ಹೋದ ವರ್ಷವೇ ಹಾಕಿದ್ದೆ. ಆಫೀಸಿನಲ್ಲಿ ವಿಳಾಸ ಕೊಟ್ಟಿದ್ರು" ಎಂದಳು. ಚೀಲದಿಂದ ಒಂದು ಲಕೋಟೆ ತೆಗೆದು ಜಗಲಿಯ ಮೇಲಿಟ್ಟಳು. ಮೇಲೆ ಅಂಚೆಯವರ ಕೆಂಪು ಮೊಹರು, ಅಡ್ಡ ಬರೆದ ಒಂದು ಸಾಲು. ಅಂಟಿಸಿದ್ದು ಅಂಟಿಸಿದ ಹಾಗೇ ಇತ್ತು. "ಆ ವಿಳಾಸದಲ್ಲಿ ಈಗ ಯಾರೂ ಇಲ್ವಂತೆ. ವಾಪಸ್ ಬಂತು. ಇದು ನಿಮ್ಮ ಹತ್ರಾನೇ ಇರ್ಲಿ."

ಮಕ್ಕಳು ಕಾಯುತ್ತಿದ್ದಾರೆಂದು ಹೊರಟಳು. ಗೋಡೆ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ನಾನು ಕೈ ಕೊಡಲು ಎದ್ದೆ.

"ಬೇಡ, ಕೂತಿರಿ" ಎಂದಳು.

ಕೂತೆ.